‘ಏನಿಲ್ಲ’ ಅನ್ನೋ ಮಾತಿನೊಳಗೆ

ಹಾಸ್ಟೆಲಿನ ಚಿಕ್ಕ ಹುಡುಗರನ್ನ ‘ಏನಾಯ್ತೋ?’ ಅಂತ ಕೇಳಿದರೆ ‘ಏನಿಲ್ಲಣ್ಣ’ ಅಂತಾರೆ. ಅದರೊಳಗೆ ಹಸಿವಿರಬಹುದು, ಭಯವಿರಬಹುದು, ಜಾತಿ ಹಿಡಿದು ಬೈಸಿಕೊಂಡ ಅವಮಾನವಿರಬಹುದು. ಮನೆಯಲ್ಲಿ ತಮಿಳೋ ತೆಲುಗೋ ಆಡುವ ಮಗುವಿಗೆ ಶಾಲೆಯ ಕನ್ನಡದಲ್ಲಿ ಅದಕ್ಕೆ ಹೆಸರು ಸಿಕ್ಕಿರಲಿಕ್ಕಿಲ್ಲ. ಮೊದಲು ಅವನ ಮಾತಲ್ಲೇ ಹೇಳಲಿ.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಈಗ ನಮ್ಮವರು ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯಲು ಹೋಗ್ತಾರೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಅಪ್ಪ ಮಾತಾಡದಿದ್ದರೆ, ಮಗು ‘ನನ್ನ ಮೇಲೆ ಸಿಟ್ಟು’ ಅಂದ್ಕೊಳ್ತದೆ. ಅದು ಸಿಟ್ಟಲ್ಲ, ದಣಿವು. ಈ ವ್ಯತ್ಯಾಸ ಕಲಿಸುವುದು ಮಗ್ಗಿ ಕಲಿಸಿದಷ್ಟೇ ಮುಖ್ಯ.

ಇದು ನಮಗೆ ಹೊಸದಲ್ಲ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಕೆಳಗೆ ಬಂಡೆ ಸಿಡಿದರೆ ಮೇಲೆ ಲೈನ್ ಮನೆಗಳು ನಡುಗುತ್ತಿದ್ದವು. ಯಾರ ಗಂಡ, ಯಾರ ಮಗ ಅಂತ ತಿಳಿಯೋ ಮುಂಚೆ ಎಲ್ಲ ಮನೆಯೂ ಹೆದರುತ್ತಿತ್ತು.

ಬುದ್ಧ ಕರುಣೆಗೆ ನಿಲ್ಲದೆ ಮೈತ್ರಿ ಕಲಿಸಿದನೆಂದು ಬಾಬಾಸಾಹೇಬರು ಬರೆದರು. ಮೈತ್ರಿಯೆಂದರೆ ಬೈದವನ ಮುಂದೆ ತಲೆ ತಗ್ಗಿಸೋದಲ್ಲ. ಅವಮಾನವಾದ ಮಗುವಿಗೆ ‘ನಾಚಿಕೆ ನಿಂದಲ್ಲ, ಬೈದವನದು, ನಿನ್ನ ಸಿಟ್ಟು ನ್ಯಾಯದ್ದು’ ಅಂತ ಹೇಳಬೇಕು.

ವಾರಕ್ಕೊಂದು ಸಂಜೆ ದೊಡ್ಡವರು ಚಿಕ್ಕವರ ಜೊತೆ ಕೂರೋಣ. ಮೊದಲು ನಮ್ಮ ಭಯ ನಾವು ಹೇಳೋಣ. ಆಮೇಲೆ ಅವರದು ಕೇಳೋಣ.

ಜೈ ಭೀಮ್.