ಕತೆ ಕೊಟ್ಟರೂ ಪಾಲು ಹೋಗದು

ತಿಕೋಟಾ, ಬಬಲೇಶ್ವರ ಕಡೆಯ ಪತ್ರಗಳಲ್ಲಿ ಒಂದೇ ಅಳಲು ಮತ್ತೆ ಮತ್ತೆ ಬರುತ್ತಿದೆ: "ಸಿನಿಮಾಕ್ಕಂತ ಕತಿ, ಸಂಭಾಷಣಿ ಬರದು ಕೊಟ್ವಿ. ಒಮ್ಮೆ ರೊಕ್ಕ ಕೊಟ್ರು. ಈಗ ಊರೆಲ್ಲ ಮೊಬೈಲ್‌ನಾಗ ನೋಡಾಕತ್ತೈತಿ. ನಮಗೇನೂ ಇಲ್ಲೇನ್ರಿ?"

ಇದೆ. "ಮಾರಿದ ಮ್ಯಾಲ ಮುಗೀತು" ಅನ್ನೋ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಯಿತು. ಚಿತ್ರಗೀತೆಗಳ ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದರ ಪರ ಗಟ್ಟಿಯಾಗಿ ಮಾತಾಡಿದರು. ಅಂದಿನಿಂದ 18ನೇ ಕಲಂ ಹೇಳುವುದು ಇಷ್ಟು: ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆಲ್ಲಿ ನಿಮ್ಮ ಬರಹ ಚಿತ್ರದೊಳಗೆ ಬಳಕೆಯಾದರೂ ರಾಯಧನದಲ್ಲಿ ಹಕ್ಕು ಕೊಂಡವರಿಗೂ ನಿಮಗೂ ಸಮಪಾಲು. ಟೀವಿ, ಓಟಿಟಿ, ಯೂಟ್ಯೂಬ್, ಎಲ್ಲಕ್ಕೂ. ಆ ಪಾಲನ್ನು ವಾರಸುದಾರರಿಗೋ ಕೃತಿಸ್ವಾಮ್ಯ ಸಂಘಕ್ಕೋ ಕೊಡಬಹುದು, ಮತ್ತಾರಿಗೂ ಬಿಟ್ಟುಕೊಡಲು ಬರುವುದಿಲ್ಲ. ಬಿಟ್ಟೆ ಎಂದು ಸಹಿ ಹಾಕಿದ್ದರೂ ಆ ಸಾಲು ಊರ್ಜಿತವಲ್ಲ. ಇನ್ನೊಮ್ಮೆ ಹೇಳುತ್ತೇನೆ: ಸಹಿ ಹಾಕಿದ್ದರೂ ಪಾಲು ಹೋಗಿಲ್ಲ. ಹಂಗಾಮಿನ ಮಾಲು ಮಾರುವುದು ಬೇರೆ, ತೋಟವನ್ನೇ ಬರೆದುಕೊಡುವುದು ಬೇರೆ. ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಹಾಗಂತ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ವಿಜಯಪುರದ ಹುಡುಗನೊಬ್ಬ ತನ್ನ ಕರಾರು ತಂದು ತೋರಿಸಿದ. ಛಾಪಾ ಕಾಗದ, ಒತ್ತೊತ್ತಾದ ಇಂಗ್ಲಿಷು, ಪುಟಪುಟಕ್ಕೂ ಅವನ ಗುಂಡನೆಯ ಸಹಿ. ನಡುವೆ ಒಂದು ಸಾಲು: ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ. ಅವನಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಅವಧಿ ಬರೆಯದಿದ್ದರೆ 19ನೇ ಕಲಂ ಪ್ರಕಾರ ಹಕ್ಕು 5 ವರ್ಷಕ್ಕೆ ಮಾತ್ರ ಹೋಗುತ್ತದೆ. ಸೀಮೆ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆ ಒಂದು ಸಾಲಿಗೆ ಒಪ್ಪಿ ಅವನು ಎರಡೂ ರಕ್ಷಣೆ ಕಳೆದುಕೊಂಡ. ರಾಯಧನದ ಪಾಲೊಂದು ಉಳಿದಿದೆ. "ಶಾಶ್ವತವಾಗಿ" ಎಂಬ ಮಾತು ಕಂಡರೆ ಪೆನ್ನು ಕೆಳಗಿಡಿ, ವರ್ಷ ಬರೆಸಿ.

ನೋಂದಣಿ ಮಾಡಿಸದಿದ್ದರೆ ಹಕ್ಕೇ ಇಲ್ಲ ಅನ್ನುವುದೂ ಸುಳ್ಳು. ಬರೆದ ಗಳಿಗೆಯಿಂದ ಹಕ್ಕು ನಿಮ್ಮದು. ನೋಂದಣಿ ಸಾಕ್ಷಿಗೆ ಅನುಕೂಲ, ಅಷ್ಟೆ.

ಸಮಯ ಮುಗಿಯುತ್ತ ಬಂತು, ವಸೂಲಿಯ ಮಾತು ಬೇಗ ಹೇಳುತ್ತೇನೆ. ಹಾಡು ಬರೆದವರಿಗೆ 1969ರಿಂದ ಐಪಿಆರ್‌ಎಸ್ ಎಂಬ ಸಂಘ ಇದೆ. ಸಂಭಾಷಣೆಯ ಪಾಲನ್ನು ಅದು ವಸೂಲು ಮಾಡುವುದಿಲ್ಲ. ಹಾಗಾಗಿ ನಿಮ್ಮ ಕರಾರೇ ಬಾಯಿ ಬಿಡಬೇಕು. ರಾಯಧನದ ದರ ಎಷ್ಟು, ಯಾವಾಗ ಕೊಡಬೇಕು, ಲೆಕ್ಕ ಯಾರು ತೋರಿಸಬೇಕು, ಇವಿಷ್ಟು ಬರಹದಲ್ಲಿರಲಿ. ಲೆಕ್ಕ ಕೇಳಲು ಸಂಕೋಚ ಬೇಡ. 2023ರಲ್ಲಿ ಹಾಲಿವುಡ್ ಲೇಖಕರು 148 ದಿನ ಮುಷ್ಕರ ಹೂಡಿ ಗಳಿಸಿದ್ದರಲ್ಲಿ ಇದೂ ಒಂದು: ತಮ್ಮ ಸರಣಿಯನ್ನು ಜನ ಒಟ್ಟು ಎಷ್ಟು ತಾಸು ನೋಡಿದರು ಎಂಬ ಅಂಕಿಯನ್ನು ಕಂಪನಿಗಳು ಅವರ ಸಂಘಕ್ಕೆ ಕೊಡಬೇಕು. ಹಕ್ಕು ಕೊಂಡವರು 6 ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕೆಂದು ನೀವೂ ಕರಾರಿನಲ್ಲಿ ಬರೆಸಿ, ಕನ್ನಡದ ಪ್ರತಿಯನ್ನೂ ಕೇಳಿ ಪಡೆಯಿರಿ.