ಬೆಟಗೇರಿ ಹಿತ್ತಲದಾಗ ಬ್ಲ್ಯಾಕ್‌ಬೆರಿ: ನಾ ಸೋತ ಕಥೆ

  ಇವತ್ತು ತೋಟದ ಮಾತು. ಗೆದ್ದಿದ್ದಲ್ಲ, ಸೋತಿದ್ದು.

ನಮ್ಮ ಅಕ್ಕ ಇರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಎರಡು ವರ್ಷದ ಹಿಂದೆ ಒಂದಿನ ವಿಡಿಯೋ ಕಾಲ್ ಮಾಡಿ ಮನೆ ಹಿಂದಿನ ಬೇಲಿ ತೋರಿಸಿದ್ಲು. ಕರ್ರಗ ಹೊಳಿಯೋ ಹಣ್ಣು, ಗೊಂಚಲು ಗೊಂಚಲು. ಅವ್ವ ನೋಡಿ, "ಎಷ್ಟ್ ಚಂದ ಅದಾವಲ್ಲ" ಅಂದ್ಲು. ಅಷ್ಟೇ ಸಾಕಾತು. ಅವತ್ತು ರಾತ್ರಿನ ಮೊಬೈಲ್‌ನಾಗ ಮೂರು ಸಸಿ ಆರ್ಡರ್ ಮಾಡಿದೆ. "ಎಲ್ಲಾ ಹವಾಮಾನಕ್ಕೂ ಸೈ" ಅಂತ ಬರೆದಿದ್ರು. ನಾನೂ ನಂಬಿದೆ.

ಅಕ್ಕನ ಬೇಲಿ ಸುಮ್ನ ಹಂಗ ತುಂಬಿದ್ದಲ್ಲ, ಅದು ನನಗ ಆಮೇಲೆ ಗೊತ್ತಾತು. ಬ್ಲ್ಯಾಕ್‌ಬೆರಿ ಬೇರು ವರ್ಷಾನುಗಟ್ಟಲೆ ಬದುಕುತ್ತದೆ, ಆದರೆ ಮೇಲಿನ ಬಳ್ಳಿಯಂಥ ಕೋಲಿಗೆ ಎರಡೇ ವರ್ಷದ ಆಯುಷ್ಯ. ಮೊದಲ ವರ್ಷ ಬೆಳೆಯುತ್ತೆ, ಎರಡನೇ ವರ್ಷ ಹೂ ಬಿಟ್ಟು ಹಣ್ಣು ಕೊಟ್ಟು ಸಾಯುತ್ತೆ. ಅಲ್ಲಿ ಚಳಿಗಾಲಕ್ಕೆ ಮೈನಸ್ 25, ಒಮ್ಮೊಮ್ಮೆ ಅದಕ್ಕೂ ಕೆಳಗ. ಭೂಮಿಯೊಳಗಿನ ಬೇರು ತಡೀತದ, ಮೇಲಿನ ಕೋಲು ಸತ್ತು ಹೋಗ್ತದ. ಕೋಲು ಸತ್ತರೆ ಆ ವರ್ಷ ಹಣ್ಣಿಲ್ಲ. ಅಕ್ಕ ಎರಡು ವರ್ಷ ಬರೇ ಎಲೆ ನೋಡಿದಾಳ! ಈಗ ನವೆಂಬರ್ ಬಂತಂದ್ರ ತಂತಿಯಿಂದ ಕೋಲು ಬಿಚ್ಚಿ, ನೆಲಕ್ಕೆ ಮಲಗಿಸಿ, ಮ್ಯಾಲೆ ಹುಲ್ಲು ಹೊಚ್ಚುತಾಳ. ಅದರ ಮೇಲೆ ಹಿಮ ಬಿದ್ರ ಅದೂ ಒಂದು ಕೌದಿ ಇದ್ದಂಗ. ಇನ್ನೊಂದು ದಾರಿನೂ ಐತಿ. ಅರ್ಕನ್ಸಾ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರೈಮ್-ಜಿಮ್, ಪ್ರೈಮ್-ಜಾನ್ ಅಂತ ತಳಿ ಬಿಟ್ಟರು. ಅವು ಮೊದಲ ವರ್ಷದ ಕೋಲಿನಲ್ಲೇ ಹಣ್ಣು ಬಿಡ್ತಾವ. ಚಳಿಗೆ ಕೋಲು ಸತ್ತರೂ ಚಿಂತಿಲ್ಲ, ಬುಡಕ್ಕೆ ಕತ್ತರಿಸಿದ್ರಾತು. ಆದ್ರ ಹಣ್ಣಾಗೋದು ತಡ, ಅಷ್ಟರೊಳಗ ಮೊದಲ ಇಬ್ಬನಿ ಹೆಪ್ಪುಗಟ್ಟಿದ್ರ ಅದೂ ಹೋತು.

ಅಕ್ಕನಿಗೆ ಚಳಿ ಹೆಚ್ಚಾತು, ನನಗ ಕಡಿಮಿ ಆತು. ಬಹಳಷ್ಟು ತಳಿಗಳು ಹೂ ಬಿಡಬೇಕಂದ್ರ ಚಳಿಗಾಲದಾಗ 7 ಡಿಗ್ರಿಗಿಂತ ಕೆಳಗ ನೂರಾರು ತಾಸು ಮಲಗಬೇಕು. ನಮ್ಮ ಗದಗ-ಬೆಟಗೇರಿಯಾಗ ಡಿಸೆಂಬರ್ ರಾತ್ರಿ ಸ್ವೆಟರ್ ಹಾಕ್ಕೊಂತೀವಿ ಖರೆ, ಆದ್ರ ಗಿಡಕ್ಕ ಅದು ಚಳಿನ ಅಲ್ಲ. ಮ್ಯಾಲೆ ಮಣ್ಣು ಬ್ಯಾರೆ. ಬ್ಲ್ಯಾಕ್‌ಬೆರಿ ಕೇಳೋದು ಸ್ವಲ್ಪ ಹುಳಿ ಮಣ್ಣು. ನಮ್ಮ ಎರಿ ಹೊಲದ ಮಣ್ಣು ಕ್ಷಾರದ್ದು. ಅದರಾಗ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಎಲೆ ಹಳದಿ ಆಗಿ ನರ ಮಾತ್ರ ಹಸಿರು ಉಳೀತಾವ. ನಾ ಅದನ್ನ ನೀರಿನ ಕೊರತಿ ಅಂದುಕೊಂಡೆ.

ನೀರು! ನಮ್ಮೂರಾಗ ನಳ ದಿನಾ ಬರಂಗಿಲ್ಲ ಅನ್ನೋದು ಊರಿನವರಿಗೆ ನಾ ಹೇಳಬೇಕಾಗಿಲ್ಲ. ಬ್ಯಾರಲ್ ತುಂಬಿಸಿ ಲೆಕ್ಕ ಹಾಕಿ ಬಳಸೋ ಮನಿ. ಆ ಬೇಸಿಗೆ ತುಂಬಾ ದಿನಾ ಸಂಜಿಗೆ ಎರಡು ಕೊಡ ಆ ಮೂರು ಗಿಡಕ್ಕ ಹೋತು. ಒಂದಿನ ಅವ್ವ ಅರಿವಿ ಒಗಿಯಾಕ ಕೂತಾಗ ಬ್ಯಾರಲ್ ತಳ ಕಂಡಿತು. ಬೈಲಿಲ್ಲ. ಎರಡು ದಿನ ನನ್ನ ಜೋಡಿ ಮಾತೇ ಆಡಲಿಲ್ಲ. ಬೈದಿದ್ರ ಪಾಡಿತ್ತು. ಏಪ್ರಿಲ್‌ನಾಗ ಎರಡು ಗಿಡ ಒಣಗಿದವು. ಒಂದು ಉಳೀತು, ಎರಡನೇ ವರ್ಷಕ್ಕೂ ಹೂವಿಲ್ಲ.

ಆಮ್ಯಾಲೆ ಅವ್ವನೇ ಒಂದಿನ ಸಂತಿಯಿಂದ ಬಂದು ನನ್ನ ಮುಂದ ಒಂದು ವಾಟಗಾ ಕವಳಿ ಹಣ್ಣು ಇಟ್ಟಳು. "ಇವೂ ಕರ್ರಗ ಅದಾವಲ್ಲೋ" ಅಂದ್ಲು.

ಹೌದಲ್ಲ! ಬೇಸಿಗೆ ಮುಗಿಯೋ ಹೊತ್ತಿಗೆ ಶಿರಹಟ್ಟಿ, ಮುಂಡರಗಿ ಕಡೆ ಹೆಣ್ಮಕ್ಕಳು ಬುಟ್ಟಿಯೊಳಗ ಮಾರೋ ಹಣ್ಣು. ಕಾಯಿದ್ದಾಗ ಹುಳಿ, ಉಪ್ಪಿನಕಾಯಿಗೆ ಆಗ್ತದ. ಹಣ್ಣಾದಾಗ ಸಿಹಿ, ಬಾಯೆಲ್ಲಾ ಅಂಟು ಹಾಲು. ಬ್ಲ್ಯಾಕ್‌ಬೆರಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಗುಲಾಬಿ ಕುಟುಂಬ, ಇದು ಕಣಗಿಲ ಹೂವಿನ ಕುಟುಂಬ. ಆದ್ರ ಕಲ್ಲು ಮಸಾರಿ, ಬಿಸಿಲು, ಬರ, ಎಲ್ಲಾ ತಡೀತದ. ಮುಳ್ಳು ಹೆಂಗ ಅಂದ್ರ ಬೇಲಿಗೆ ಬ್ಯಾರೆ ತಂತಿ ಬ್ಯಾಡ.

ಒಂದು ಮಾತು. ಕಪ್ಪತಗುಡ್ಡಕ್ಕೆ ಹೋಗಿ ಗಿಡ ಕಿತ್ತು ತರಬ್ಯಾಡ್ರಿ. 2019ರಿಂದ ಅದು ವನ್ಯಜೀವಿ ಧಾಮ. ಮ್ಯಾಲೆ ಕಿತ್ತು ತಂದ ದೊಡ್ಡ ಗಿಡ ಹತ್ತೋದೂ ಕಷ್ಟ. ಪೂರ್ತಿ ಹಣ್ಣಾದ ಕವಳಿ ತಿಂದು ಬೀಜ ತೊಳೆದು, ನೆರಳಾಗ ಆರಿಸಿ, ತಡ ಮಾಡದೆ ಚೀಲಕ್ಕ ಹಾಕ್ರಿ. ಇಟ್ಟ ಬೀಜ ಹುಟ್ಟಂಗಿಲ್ಲ. ಮುಂದಿನ ಮಳಿಗಾಲಕ್ಕ ನೆಲಕ್ಕ ಹಚ್ಚಬಹುದು. ಹಣ್ಣಿಗೆ ಮೂರ್ನಾಲ್ಕು ವರ್ಷ ಕಾಯಬೇಕು, ಅದನ್ನ ಮುಚ್ಚಿಡಂಗಿಲ್ಲ.

ನಮ್ಮ ಹಿತ್ತಲದಾಗ ಈಗ ಹನ್ನೊಂದು ಸಸಿ ಅದಾವ. ಅಕ್ಕಿ ತೊಳೆದ ನೀರು ಹಾಕೋ ಕೆಲಸ ಅವ್ವಂದು. ಅಕ್ಕನಿಗೆ ಫೋಟೋ ಕಳಿಸಿದ್ರ, "ನನಗೂ ಬೀಜ ಕಳಿಸೋ" ಅಂದ್ಲು. ಅಲ್ಲಿಯ ಜನವರಿಗೆ ಇದು ಒಂದು ರಾತ್ರಿನೂ ಉಳಿಯಂಗಿಲ್ಲ ಅಂದೆ. ನಕ್ಕಳು.

ಆ ಒಂದು ಬ್ಲ್ಯಾಕ್‌ಬೆರಿ ಗಿಡ ಇನ್ನೂ ಐತಿ. ಕಿತ್ತಿಲ್ಲ. ಅವ್ವ ಸಸಿಗೆ ನೀರು ಹಾಕಿ, ಪಾತ್ರಿಯೊಳಗ ಉಳಿದಿದ್ದನ್ನ ಅದಕ್ಕೂ ಸುರೀತಾಳ.