ಕಬ್ಬಾಳಿನ ಕಲ್ಲು, ಬ್ಯಾಲಾಳಿನ ಆಂಟೆನಾ



ರಾಮನಗರದ ಬೆಟ್ಟ ಅಂದ ಕೂಡಲೇ ಮನೆಯ ಹಿರಿಯರಿಗೆ 'ಶೋಲೆ' ಸಿನಿಮಾ ನೆನಪಾಗುತ್ತದೆ. ಗಬ್ಬರ್ ಸಿಂಗ್ ಓಡಾಡಿದ ಬಂಡೆಗಳನ್ನು ಬೆರಳು ಮಾಡಿ ತೋರಿಸುತ್ತಾರೆ. ತೋರಿಸಲಿ ಬಿಡಿ. ಆದರೆ ಆ ಸಿನಿಮಾ ಬರುವುದಕ್ಕೆ ಎಷ್ಟೋ ಮೊದಲೇ ಈ ಬಂಡೆಗಳು ಭೂವಿಜ್ಞಾನದ ಪುಸ್ತಕಗಳಲ್ಲಿ ಹೆಸರು ಮಾಡಿದ್ದವು.

ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಮೈಸೂರಿಗೆ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ರೆಸಿಡೆಂಟ್ ಬಂದ. ಅವನ ಹೆಸರಿನಲ್ಲಿ ಈ ಊರು ಕ್ಲೋಸ್‌ಪೇಟೆ ಆಯಿತು. ಮುಂದೆ ಊರು ರಾಮನಗರವಾದರೂ ಕಲ್ಲಿಗೆ ಹಳೆಯ ಹೆಸರೇ ಉಳಿಯಿತು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದದ್ದು 1894ರಲ್ಲಿ. ಆ ಇಲಾಖೆಯ ಸ್ಮೀತ್ ಎಂಬುವರು ಇಡೀ ಸಂಸ್ಥಾನದ ಕಲ್ಲುಗಳ ಚರಿತ್ರೆಯನ್ನು 1916ರಲ್ಲಿ ಬರೆದಾಗ, ಅದರ ಕೊನೆಯ ದೊಡ್ಡ ಅಧ್ಯಾಯವೇ ಕ್ಲೋಸ್‌ಪೇಟೆ ಗ್ರಾನೈಟ್. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದದ ಪಟ್ಟಿ ಅದು. ಮಾಗಡಿಯ ಸಾವನದುರ್ಗವೂ ಅದರದೇ ಒಂದು ತುಂಡು. ಬಿಡದಿ ದಾಟಿ ಚನ್ನಪಟ್ಟಣದ ಕಡೆ ರೈಲಿನಲ್ಲಿ ಹೋಗುವಾಗ ಕಿಟಕಿಯ ಹೊರಗೆ ಕಾಣುವ ಬೋಳು ಬೆಟ್ಟಗಳೂ ಅದರವೇ.

ಈ ಕಲ್ಲನ್ನು ಗುರುತಿಸುವುದು ಸುಲಭ. ಹೆಬ್ಬೆರಳು ಗಾತ್ರದ ನಸುಗೆಂಪು ಹರಳುಗಳು ಮೈತುಂಬ ಇರುತ್ತವೆ. ಅದು ಫೆಲ್ಡ್‌ಸ್ಪಾರ್ ಎಂಬ ಖನಿಜ. ನೆಲದಾಳದಲ್ಲಿ ಕರಗಿದ ಕಲ್ಲು ನಿಧಾನವಾಗಿ ಆರಿದರೆ ಹರಳು ದೊಡ್ಡದಾಗುತ್ತದೆ. ಆಮೇಲೆ ಮೇಲಿನ ಕಿಲೋಮೀಟರ್‌ಗಟ್ಟಲೆ ನೆಲ ಸವೆದು ಕೊಚ್ಚಿಹೋಯಿತು. ತಲೆಯ ಮೇಲಿನ ಭಾರ ಇಳಿದ ಕಲ್ಲು ಹಿಗ್ಗಿ, ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿರಿಯಿತು. ಬೆಟ್ಟಗಳು ಗುಂಡಗೆ ಕಾಣುವುದು ಅದಕ್ಕೇ.

ಹಾಗಾದರೆ ವಯಸ್ಸೆಷ್ಟು? ಸ್ಮೀತ್ ಅವರ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಗ್ರಾನೈಟಿನೊಳಗೆ ಜಿರ್ಕಾನ್ ಎಂಬ ಪುಟ್ಟ ಹರಳು ಇರುತ್ತದೆ. ಅದರಲ್ಲಿನ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ. ಎರಡನ್ನೂ ಅಳೆದರೆ ವಯಸ್ಸು ಸಿಗುತ್ತದೆ. 1991ರಲ್ಲಿ ಹೀಗೆ ಅಳೆದು ಬಂದ ಉತ್ತರ ಸುಮಾರು 251 ಕೋಟಿ ವರ್ಷ. ಭೂಮಿಗೆ ಸುಮಾರು 454 ಕೋಟಿ ವರ್ಷ. ಈ ಕಲ್ಲು ಹುಟ್ಟಿದಾಗ ಗಾಳಿಯಲ್ಲಿ ಉಸಿರಾಡುವಷ್ಟು ಆಮ್ಲಜನಕ ಇರಲಿಲ್ಲ, ಜೀವವೆಂದರೆ ಬರೀ ಸೂಕ್ಷ್ಮಾಣುಗಳು.

ನನ್ನನ್ನು ಕೇಳಿದರೆ ಸಾವನದುರ್ಗಕ್ಕಿಂತ ಸೊಗಸಾದ ಕಥೆ ಕನಕಪುರ ತಾಲೂಕಿನ ಕಬ್ಬಾಳಿನದು. ಕಬ್ಬಾಳಮ್ಮನ ಗುಡಿಗೆ ಹೋದವರಿಗೆ ಅಲ್ಲಿನ ದುರ್ಗ ಗೊತ್ತು. ನಮ್ಮ ನೆಲ ಉತ್ತರಕ್ಕೆ ಸ್ವಲ್ಪ ವಾಲಿದೆ, ಆದ್ದರಿಂದ ದಕ್ಷಿಣಕ್ಕೆ ಹೋದಷ್ಟೂ ಹಿಂದೊಮ್ಮೆ ಹೆಚ್ಚು ಆಳದಲ್ಲಿದ್ದ ಕಲ್ಲು ಕಾಣುತ್ತದೆ. ದಕ್ಷಿಣಕ್ಕಿರುವ ಕಬ್ಬಾಳಿನ ಕ್ವಾರಿಯಲ್ಲಿ ಗೆರೆಗೆರೆಯಾದ, ಬೂದು ಬಣ್ಣದ ನೈಸ್ ಎಂಬ ಕಲ್ಲಿದೆ. ಅದರ ನಡುನಡುವೆ ಎಣ್ಣೆ ಸವರಿದಂಥ ಹಸಿರುಗಪ್ಪು ಪಟ್ಟೆಗಳು. ಅದು ಚಾರ್ನೊಕೈಟ್. ಕಲ್ಕತ್ತೆಯ ಜಾಬ್ ಚಾರ್ನಕ್ ಎಂಬಾತನ ಗೋರಿಕಲ್ಲಿನಿಂದ ಬಂದ ಹೆಸರು. ಇದು ಬೇರೆಯದೇ ಕರಗಿದ ಕಲ್ಲು, ನೈಸಿನೊಳಕ್ಕೆ ನುಗ್ಗಿ ಬಂದದ್ದು ಎಂದು ಬಹಳ ಕಾಲ ನಂಬಿದ್ದರು, ಸ್ಮೀತ್ ಕೂಡ. ಮೈಸೂರು ಇಲಾಖೆಯ ಸಿ. ಎಸ್. ಪಿಚಮುತ್ತು ಆ ಪಟ್ಟೆಗಳ ಅಂಚು ನೋಡಿದರು. ನೈಸಿನ ಗೆರೆಗಳು ಪಟ್ಟೆಯೊಳಕ್ಕೂ ಮಸುಕಾಗಿ ಮುಂದುವರಿದಿದ್ದವು! ಅಂದರೆ ನುಗ್ಗಿ ಬಂದದ್ದಲ್ಲ, ಇದ್ದಲ್ಲೇ ಬದಲಾಗಿದೆ. 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಇದನ್ನು ಬರೆದರು. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ್ ಮತ್ತು ಇಬ್ಬರು ವಿದೇಶಿ ವಿಜ್ಞಾನಿಗಳು ಕಾರಣ ಹೇಳಿದರು: ಸುಮಾರು 20 ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ, ಇಂಗಾಲದ ಡೈಆಕ್ಸೈಡ್ ಬಿರುಕುಗಳಲ್ಲಿ ಹರಿದು ಕಲ್ಲಿನ ನೀರಿನಂಶವನ್ನು ಓಡಿಸಿತ್ತು. ಆ ಒಂದು ಕ್ವಾರಿ ನೋಡಲು ಇಂದಿಗೂ ದೂರದ ದೇಶಗಳಿಂದ ಜನ ಬರುತ್ತಾರೆ.

ಕಲ್ಲಿನ ಈ ಕಥೆ ಚಂದ್ರನವರೆಗೂ ಹೋಗುತ್ತದೆ, ಆದ್ದರಿಂದ ಇನ್ನು ಆಕಾಶ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಮಾಗಡಿ ಸೀಮೆಗೆ ಹತ್ತಿರದಲ್ಲಿ ಬ್ಯಾಲಾಳು ಎಂಬ ಹಳ್ಳಿ ಇದೆ. ತಗ್ಗು ಜಾಗ, ಸುತ್ತ ದಿಣ್ಣೆ. ಪಟ್ಟಣದ ರೇಡಿಯೋ ಗದ್ದಲ ಅಷ್ಟಾಗಿ ಒಳಗೆ ಬರುವುದಿಲ್ಲ. ದೂರದ ನೌಕೆಗಳ ಸಂಕೇತ ಹಿಡಿಯಲು ಇಸ್ರೋ ಅಲ್ಲಿ 18 ಮೀಟರ್ ಮತ್ತು 32 ಮೀಟರ್ ಅಗಲದ ಎರಡು ದೊಡ್ಡ ಆಂಟೆನಾ ನಿಲ್ಲಿಸಿತು. ಉದ್ಘಾಟನೆ 2008ರ ಅಕ್ಟೋಬರ್ 17ರಂದು. ಐದು ದಿನ ಕಳೆದು ಚಂದ್ರಯಾನ-1 ಹಾರಿತು. ಚಂದ್ರನ ಮಣ್ಣಿನಲ್ಲಿ ನೀರಿನ ಕುರುಹು ಇದೆ ಎಂದು ಅದರ ಉಪಕರಣಗಳಿಂದ ತಿಳಿದದ್ದು ಮರುವರ್ಷ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತಲ್ಲ, ಅದರ ಪುಟ್ಟ ಗಾಡಿ ಪ್ರಜ್ಞಾನ್ ಸುಮಾರು 100 ಮೀಟರ್ ಉರುಳಿ 23 ಸಲ ಮಣ್ಣನ್ನು ಪರೀಕ್ಷಿಸಿತು. ಸಿಕ್ಕಿದ್ದೇನು ಗೊತ್ತೇ? ಹೆಚ್ಚಿನ ಪಾಲು ಫೆಲ್ಡ್‌ಸ್ಪಾರ್ ಇರುವ ಕಲ್ಲಿನ ಪುಡಿ! ರಾಮನಗರದ್ದು ಪೊಟ್ಯಾಸಿಯಂ ಬಗೆ, ಅಲ್ಲಿಯದು ಕ್ಯಾಲ್ಸಿಯಂ ಬಗೆ, ಆದರೆ ಮನೆತನ ಒಂದೇ. ಚಂದ್ರ ಒಂದು ಕಾಲಕ್ಕೆ ಕರಗಿದ ಕಲ್ಲಿನ ಕಡಲಾಗಿದ್ದ, ಹಗುರವಾದ ಫೆಲ್ಡ್‌ಸ್ಪಾರ್ ತೇಲಿ ಮೇಲೆ ಬಂದು ಹೆಪ್ಪುಗಟ್ಟಿತು ಎಂಬ ಊಹೆಗೆ ಇದು ಬಲ ಕೊಟ್ಟಿತು. ಜೊತೆಗೆ ಎಣಿಸಿದ್ದಕ್ಕಿಂತ ಹೆಚ್ಚು ಮೆಗ್ನೀಸಿಯಂ ಕೂಡ ಇತ್ತು, ಅದು ಆಳದ ಸರಕು. ಕಬ್ಬಾಳಿನಲ್ಲಿ ಆಳದ ಕಲ್ಲು ಮೇಲೆ ಬಂದದ್ದು ನೆಲ ಸವೆದು. ಚಂದ್ರನಲ್ಲಿ ಮಳೆಯಿಲ್ಲ, ಹೊಳೆಯಿಲ್ಲ. ಯಾವುದೋ ಭಾರಿ ಕ್ಷುದ್ರಗ್ರಹ ಬಡಿದು ಅಗೆದು ಚೆಲ್ಲಿರಬೇಕು ಎನ್ನುತ್ತಾರೆ ವಿಜ್ಞಾನಿಗಳು.